ಹೇಜಲ್‌ವುಡ್: ಗೇಣಿ ನಿಂತ ಮೇಲೆ ಉಳಿದ ಮನೆ

ಈ ವರ್ಷ ನಮ್ಮ ಅಂಕಣದ ಪಯಣ ಐರ್ಲೆಂಡಿನ ಸ್ಲೈಗೋಗೆ. ಕವಿ ಯೇಟ್ಸ್ ಬಾಲ್ಯದ ದಿನಗಳನ್ನು ಕಳೆದ ಊರೆಂದು ಸಾಹಿತ್ಯಾಸಕ್ತರಿಗೆ ಅದರ ಪರಿಚಯವಿದೆ. ಅಲ್ಲಿನ ಗಿಲ್ ಸರೋವರದ ದಡದಲ್ಲಿ ಹೇಜಲ್‌ವುಡ್ ಎಂಬ ಕಲ್ಲಿನ ಬಂಗಲೆ ಇದೆ.

ಸುಮಾರು 1730ರಲ್ಲಿ ವಿನ್ ಎಂಬ ಜಮೀನ್ದಾರಿ ಮನೆತನಕ್ಕಾಗಿ ಇದನ್ನು ರೂಪಿಸಿದವನು ರಿಚರ್ಡ್ ಕ್ಯಾಸಲ್ಸ್. ಇಂದು ಐರಿಷ್ ಸಂಸತ್ತು ಸೇರುವ ಡಬ್ಲಿನ್ನಿನ ಲೆನ್‌ಸ್ಟರ್ ಹೌಸ್ ಕೂಡ ಅವನದೇ ವಿನ್ಯಾಸ. ಸ್ಲೈಗೋ ಪಟ್ಟಣದ ಪಾರ್ಲಿಮೆಂಟ್ ಸ್ಥಾನ ಬಹುಕಾಲ ವಿನ್ ಮನೆತನದ ಹಿಡಿತದಲ್ಲೇ ಇತ್ತು. ಆ ವೈಭವಕ್ಕೆಲ್ಲ ಆಧಾರ ಒಕ್ಕಲುಗಳು ಕಟ್ಟುತ್ತಿದ್ದ ಗೇಣಿ.

1903ರ ವಿಂಡಮ್ ಕಾಯ್ದೆ ಒಕ್ಕಲುಗಳಿಗೆ ಸರ್ಕಾರಿ ಸಾಲ ಕೊಟ್ಟು, ಉಳುತ್ತಿದ್ದ ಭೂಮಿಯನ್ನೇ ಕೊಳ್ಳಲು ದಾರಿ ಮಾಡಿತು. ದೇಶದಾದ್ಯಂತ ಜಮೀನು ಕೈಬಿಟ್ಟಂತೆ ದೊಡ್ಡ ಬಂಗಲೆಗಳ ಖರ್ಚು ತೂಗಿಸುವುದು ಕಷ್ಟವಾಯಿತು. ವಿನ್ ವಂಶದವರು 1920ರ ದಶಕದಲ್ಲಿ ಹೇಜಲ್‌ವುಡ್ ಬಿಟ್ಟರು. ಮುಂದೆ ಅಲ್ಲಿ ಸೈನಿಕರಿದ್ದರು, ಆಮೇಲೆ ಮಾನಸಿಕ ಆಸ್ಪತ್ರೆ ನಡೆಯಿತು. 1969ರಲ್ಲಿ ಇಟಲಿಯ ಕಂಪನಿಯೊಂದು ಹಿತ್ತಲಲ್ಲೇ ನೂಲಿನ ಕಾರ್ಖಾನೆ ಎಬ್ಬಿಸಿತು. ಅದು 1983ರಲ್ಲಿ ಮುಚ್ಚಿತು. ಬಳಿಕ ಬಂದ ಕೊರಿಯಾದವರ ವಿಡಿಯೊ ಟೇಪ್ ಕಾರ್ಖಾನೆಯೂ 2005ರಲ್ಲಿ ನಿಂತಿತು. ಈಗ ಆ ಆವರಣದಲ್ಲಿ ವಿಸ್ಕಿ ತಯಾರಾಗುತ್ತದೆ. ಗೋಡೆ ಬೀಳಲಿಲ್ಲ, ಮನೆಯವರು ಮಾತ್ರ ಇಲ್ಲ.

ಈ ಕಥೆ ನಮಗೆ ಹೊಸದೇನಲ್ಲ. ಕರ್ನಾಟಕದಲ್ಲಿ 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ರದ್ದಾಯಿತು. ಕರಾವಳಿಯಲ್ಲಿ ಒಕ್ಕಲುಗಳು ಡಿಕ್ಲರೇಷನ್ ಹಾಕಿ ಭೂಮಿ ಪಡೆದರು; ಎಷ್ಟೋ ಗುತ್ತು, ಬೀಡುಗಳ ಚಾವಡಿ ಬರಿದಾಯಿತು. ಒಬ್ಬರ ಅಜ್ಜನಿಗೆ ಅದು ನಷ್ಟ, ಇನ್ನೊಬ್ಬರ ಅಜ್ಜನಿಗೆ ಮೊದಲ ಬಾರಿಗೆ ಸ್ವಂತ ಗದ್ದೆ. ಆ ಇಬ್ಬರ ಮೊಮ್ಮಕ್ಕಳೂ ಇಂದು ಗಲ್ಫಿನಲ್ಲಿ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತೇವೆ.

ನಾವೂ ಊರಲ್ಲಿ ದೊಡ್ಡ ಮನೆ ಕಟ್ಟಿಸುತ್ತಿದ್ದೇವೆ. ಅದಕ್ಕೆ ಗೇಣಿಯ ಬದಲು ತಿಂಗಳ ಸಂಬಳ ಆಧಾರ, ನಮ್ಮದೇ ಬೆವರಿನದು. ಆದರೂ ಹೊರಗಿನಿಂದ ಬರುವ ಆದಾಯದ ಮೇಲೆ ನಿಂತ ಮನೆ, ಅದು ನಿಂತ ದಿನ ಏನಾಗುತ್ತದೆ ಎಂಬ ಪ್ರಶ್ನೆ ಒಂದೇ. ವರ್ಷದಲ್ಲಿ ಹನ್ನೊಂದು ತಿಂಗಳು ಬೀಗ ಹಾಕಿರುವ ಮನೆಗೆ ಇನ್ನೊಂದು ಮಹಡಿ ಏರಿಸುವ ಮುನ್ನ ಮಕ್ಕಳನ್ನು ಕೂರಿಸಿಕೊಂಡು ಕೇಳೋಣ: ಇಲ್ಲಿ ಬಂದು ಇರುವವರು ಯಾರು? ಉತ್ತರ ಸಿಗದಿದ್ದರೆ, ಆ ಹಣದಲ್ಲಿ ಅಜ್ಜನ ಹಳೆಯ ಮನೆಯ ಹಂಚು ಸರಿಮಾಡಿಸಿ, ದೀಪ ಹಚ್ಚುವವರೊಬ್ಬರನ್ನು ಅಲ್ಲಿ ಇರಿಸಬಹುದು.