ಪುಟ ತೋರಿಸು

ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ‘ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ’ ಎಂಬುದು ತಲೆಮಾರುಗಳಿಂದ ಇದೆ. ಆಯ್ಕೆ, ಸಂದರ್ಭ, ಸ್ವಾರಸ್ಯ ಎಂದು ತಲೆಬರಹ ಹಾಕಿದರೆ ಅಂಕ. ತಮಾಷೆಯೆಂದರೆ ‘ಆಯ್ಕೆ’ಯ ಕೆಳಗೆ ಬರೆಯುವುದು ಪಾಠದ ಹೆಸರು, ಲೇಖಕರ ಹೆಸರು. ಸಾಲನ್ನು ಆಯುವ ಕೆಲಸವನ್ನು ಪತ್ರಿಕೆ ತೆಗೆದವರೇ ಮುಗಿಸಿರುತ್ತಾರೆ.

ಏಳನೇ ತರಗತಿಯವರ ಕೈಗೆ ತೇಜಸ್ವಿಯವರ ‘ಕರ್ವಾಲೊ’ (1980) ಕೊಡಿ. ಮಂದಣ್ಣ ಪೆದ್ದನೇ ಎಂದು ಕೇಳಿ. ಹೌದು ಎಂದವನಿಗೆ, ಪುಟ ತೋರಿಸು ಎನ್ನಿ. ತೋರಿಸುತ್ತಾನೆ. ಹಾಗೆ ಕಂಡದ್ದು ಯಾರಿಗೆ? ಕತೆ ಹೇಳುವವನಿಗೆ, ಅದೂ ಮೊದಮೊದಲು. ಅದೇ ಮಂದಣ್ಣನಲ್ಲಿ ಕರ್ವಾಲೊ ಹುಟ್ಟು ನಿಸರ್ಗವಿಜ್ಞಾನಿಯನ್ನು ಕಾಣುತ್ತಾರೆ, ಅದಕ್ಕೂ ಪುಟವಿದೆ. ಈಗ ಶುರು ಗಲಾಟೆ. ಇಬ್ಬರಲ್ಲಿ ಯಾರನ್ನು ನಂಬಬೇಕು, ಯಾಕೆ? ಸಾಲು ಸಿಕ್ಕರೆ ಸಾಲದು, ಅದು ಯಾರ ಬಾಯಿಂದ ಬಂತೆಂದೂ ನೋಡಬೇಕು. ಇದಕ್ಕೆ ಗೈಡಿನಲ್ಲಿ ಉತ್ತರವಿಲ್ಲ.

ಲೋಣಾವಳಾದ ಕನ್ನಡ ಮನೆಯ ಮಗುವಿಗಂತೂ ಪರೀಕ್ಷೆಯ ಕಾಟವೂ ಇಲ್ಲ. ಕಿಟಕಿಯಾಚೆ ಇರುವುದು ಮೂಡಿಗೆರೆಯದೇ ಸಹ್ಯಾದ್ರಿ. ಆದರೂ ಅಪ್ಪ ಅಮ್ಮ ಕೇಳುವುದು, ‘ಕತೆಯ ನೀತಿ ಏನು ಪುಟ್ಟಾ?’

ಸಾಕ್ಷಿ ಕೇಳಿದರೆ ಓದಿನ ಸುಖ ಹಾಳಾಗುತ್ತದಂತೆ. ಸಾರಾಂಶ ಬಾಯಿಪಾಠ ಮಾಡಿಸುವಾಗ ಆ ಸುಖದ ನೆನಪು ಯಾರಿಗೂ ಆಗುವುದಿಲ್ಲ. ಔಟೋ ಅಲ್ಲವೋ ಎಂದು ಗಲ್ಲಿ ಕ್ರಿಕೆಟ್ಟಿನಲ್ಲಿ ಅರ್ಧ ಗಂಟೆ ವಾದಿಸುವ ಮಕ್ಕಳಿಗೆ ಸಾಕ್ಷಿ ಕೇಳುವುದು ಹೊಸದೇನಲ್ಲ. ಅಳುಕಿರುವುದು ಮೇಷ್ಟ್ರಿಗೆ: ಹಿಂದಿನ ಬೆಂಚಿನ ಹುಡುಗಿ ಪುಸ್ತಕ ತೆರೆದು, ‘ಸಾರ್, ನೀವು ಹೇಳಿದ್ದು ಇದರಲ್ಲಿ ಎಲ್ಲೂ ಇಲ್ಲವಲ್ಲ’ ಎಂದುಬಿಟ್ಟರೆ?