ಗ್ರಹಣವೂ ಗೇಟಿನ ಬೀಗವೂ

ಸೂರ್ಯಗ್ರಹಣವನ್ನು ನೋಡಲೆಂದೇ ಕಡಲು ದಾಟಿ ಹೋಗುವವರನ್ನು ಕಂಡರೆ ನಮ್ಮ ವಿದ್ಯಾವಂತರಿಗೆ ಏಕೋ ನಗು ಬರುತ್ತದೆ. 2024ರ ಏಪ್ರಿಲ್ 8ರ ಪೂರ್ಣಗ್ರಹಣಕ್ಕಾಗಿ ನಾವು ನಾಲ್ವರು ಗೆಳೆಯರು ಅಮೆರಿಕದ ಇಂಡಿಯಾನಾಪೊಲಿಸ್ ನಗರಕ್ಕೆ ಹೋಗಿಬಂದೆವು. ಒಬ್ಬರು ಭೌತಶಾಸ್ತ್ರದ ಅಧ್ಯಾಪಕರು, ಒಬ್ಬರು ವೈದ್ಯರು, ಒಬ್ಬರು ಬ್ಯಾಂಕಿನವರು, ನಾಲ್ಕನೆಯವನು ನಾನು. ಅಂದಿನಿಂದ ಈ ನಗೆಯನ್ನು ನಾನಾ ರೂಪಗಳಲ್ಲಿ ಕಂಡಿದ್ದೇನೆ. "ನಾಲ್ಕು ನಿಮಿಷವೂ ತುಂಬದ ಕತ್ತಲೆಗೆ ಅಷ್ಟು ದುಡ್ಡೆ? ಇಲ್ಲಿ ಕರೆಂಟು ಹೋದರೆ ಪುಕ್ಕಟೆ ಸಿಗುತ್ತದಲ್ಲ!" ಎಂದರು ಒಬ್ಬ ಹಿರಿಯರು. "ಕನ್ನಡ ಮೇಷ್ಟ್ರಿಗೆ ಗ್ರಹಣದ ಉಸಾಬರಿ ಏತಕ್ಕೆ?" ಎಂದರು ಇನ್ನೊಬ್ಬರು. ನಕ್ಕವರೊಡನೆ ನನಗೆ ಜಗಳವಿಲ್ಲ. ಅವರ ವಾದದೊಡನೆ ಇದೆ.

ಮೊದಲನೆಯ ವಾದ: 2019ರ ಡಿಸೆಂಬರ್ 26ರಂದು ಬೆಂಗಳೂರಿನಲ್ಲಿಯೇ ಸೂರ್ಯನ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಮರೆಯಾಗಿತ್ತು, ಅಷ್ಟು ಸಾಲದೆ? ಸಾಲದು. ಸೂರ್ಯನ ಬೆಳಕು ಹುಣ್ಣಿಮೆಯ ಚಂದ್ರನದಕ್ಕಿಂತ ಸುಮಾರು 4 ಲಕ್ಷ ಪಾಲು ಹೆಚ್ಚು. ನೂರರಲ್ಲಿ ಒಂದು ಪಾಲು ಸೂರ್ಯ ಉಳಿದರೂ ಆಕಾಶದಲ್ಲಿ ನಾಲ್ಕು ಸಾವಿರ ಹುಣ್ಣಿಮೆಗಳ ಬೆಳಕು ಉಳಿದಂತೆ. ಆ ಬೆಳಕಿನಲ್ಲಿ ಸೂರ್ಯನ ಪ್ರಭಾವಲಯ ಕಣ್ಣಿಗೆ ಬೀಳುವಂತಿಲ್ಲ. ಮದುವೆಮನೆಯ ಚಪ್ಪರದವರೆಗೆ ಹೋಗಿ ಹಿಂದಿರುಗಿದವನು ತೊಂಬತ್ತೊಂಬತ್ತು ಪಾಲು ಉಂಡೆನೆಂದು ಹೇಳಿಕೊಳ್ಳಬಹುದೆ? ಅಂದು ಮಧ್ಯಾಹ್ನ 3 ಗಂಟೆ 6 ನಿಮಿಷಕ್ಕೆ ಕೊನೆಯ ಹನಿ ಬೆಳಕು ಆರಿದಾಗ ನಾವು ಕಂಡದ್ದು ಕತ್ತಲೆಯನ್ನಲ್ಲ. ಕಪ್ಪು ಬಿಂಬದ ಸುತ್ತ ಬೆಳ್ಳಿಯ ಎಳೆಗಳು ಹರಡಿದ್ದವು. ಅಂಚಿನ ಕೆಳಗೆ ಕೆಂಡದ ಚುಕ್ಕೆಯೊಂದು ಹೊಳೆಯುತ್ತಿತ್ತು. ಒಂದು ಪಕ್ಕಕ್ಕೆ ಶುಕ್ರ, ಇನ್ನೊಂದು ಪಕ್ಕಕ್ಕೆ ಗುರು. ದಿಗಂತದ ಸುತ್ತಲೂ ಸಂಜೆಗೆಂಪು. ಮಾತಿಗೆ ಎಂದೂ ಬರವಿಲ್ಲದ ನಮ್ಮ ಬ್ಯಾಂಕಿನ ಗೆಳೆಯರು ಆಮೇಲೆ ಅರ್ಧ ಗಂಟೆ ಬಾಯಿ ಬಿಡಲಿಲ್ಲ.

ಎರಡನೆಯದು ದುಡ್ಡಿನ ವಾದ. ಸೀರೆ ಒಡವೆ ಕೊಳ್ಳಲು ದುಬೈಗೆ ಹೋಗಿಬಂದವರನ್ನು ಯಾರೂ ಹೀಗೆ ಕೇಳುವುದಿಲ್ಲ. ಯಾವುದೇ ಒಂದು ಊರಿನ ಮೇಲೆ ಪೂರ್ಣಗ್ರಹಣದ ನೆರಳು ಬೀಳುವುದು ಸರಾಸರಿ 375 ವರ್ಷಗಳಿಗೊಮ್ಮೆ. ಕಾಶಿ ನಮ್ಮೂರಿಗೆ ಬರುವುದಿಲ್ಲ, ನಾವೇ ಹೋಗಬೇಕು. ನೆರಳಿನ ಮಾತೂ ಹಾಗೆಯೆ. ಇದನ್ನು ಅರಿತವರು ಹಿಂದೆಯೇ ನಮ್ಮ ನೆಲಕ್ಕೆ ಬಂದಿದ್ದರು. 1868ರ ಆಗಸ್ಟ್ 18ರ ಗ್ರಹಣಕ್ಕೆ ಫ್ರಾನ್ಸಿನಿಂದ ಜಾನ್ಸೆನ್ ಗುಂಟೂರಿಗೆ ಬಂದ. ಅದೇ ದಿನ ನಮ್ಮ ಜಮಖಂಡಿಯಲ್ಲಿ ಸರ್ವೆ ಅಧಿಕಾರಿ ಜಾನ್ ಹರ್ಷಲ್ ರೋಹಿತದರ್ಶಕವನ್ನು ಹೂಡಿ ನಿಂತಿದ್ದ. ಸೂರ್ಯನ ಅಂಚಿನ ಜ್ವಾಲೆಗಳು ಉರಿಯುವ ಅನಿಲವೆಂದು ಲೋಕಕ್ಕೆ ಗೊತ್ತಾದದ್ದು ಆ ಕೆಲವು ನಿಮಿಷಗಳಲ್ಲಿ. 1871ರಲ್ಲಿ ಲಾಕಿಯರ್ ಇಂಗ್ಲೆಂಡಿನಿಂದ ಹಡಗೇರಿ, ಆಗ ದಕ್ಷಿಣ ಕನ್ನಡಕ್ಕೆ ಸೇರಿದ್ದ ಬೇಕಲ ಕೋಟೆಗೆ ಬಂದ. ಅವರದು ಜ್ಞಾನದ ಹಸಿವು, ನಮ್ಮದು ಮಾತ್ರ ಹುಚ್ಚೆ?

ಇನ್ನು ಕನ್ನಡ ಮೇಷ್ಟ್ರ ಉಸಾಬರಿ. ನಮ್ಮ ಶಾಸನಗಳನ್ನು ಓದಿದವರಿಗೆ ಗ್ರಹಣ ಪರಕೀಯವಲ್ಲ. ಸೂರ್ಯಗ್ರಹಣದಂದು ಧಾರಾಪೂರ್ವಕವಾಗಿ ಭೂಮಿಯನ್ನು ಬಿಟ್ಟ ದತ್ತಿಗಳು ಅಲ್ಲಿ ಎಷ್ಟೋ ಇವೆ. ಆ ಗ್ರಹಣಗಳನ್ನು ಲೆಕ್ಕ ಹಾಕಿಯೇ ವಿದ್ವಾಂಸರು ಎಷ್ಟೋ ಶಾಸನಗಳ ಕಾಲವನ್ನು ನಿಷ್ಕರ್ಷಿಸಿದ್ದಾರೆ. ಸೂರ್ಯನನ್ನು ಮರೆಮಾಡುವುದು ಚಂದ್ರನೇ ಎಂದು ಆರ್ಯಭಟ 499ರಷ್ಟು ಹಿಂದೆಯೇ ಬರೆದಿಟ್ಟ. ಹೀಗೆ ಕಲ್ಲಿನಲ್ಲಿಯೂ ಗ್ರಂಥದಲ್ಲಿಯೂ ಗ್ರಹಣವನ್ನು ಇಟ್ಟುಕೊಂಡ ನಾಡಿನವರು ಆಕಾಶದಲ್ಲಿ ಬಂದಾಗ ಮಾತ್ರ ಬಾಗಿಲು ಹಾಕಿಕೊಳ್ಳುತ್ತೇವೆ.

ನನ್ನ ನಿಜವಾದ ತಕರಾರು ಇದು. 1980ರ ಫೆಬ್ರವರಿ 16ರಂದು ಪೂರ್ಣ ನೆರಳು ಅಂಕೋಲೆಯ ಕಡಲತೀರದಿಂದ ರಾಯಚೂರಿನವರೆಗೆ ನಮ್ಮ ನಾಡನ್ನೇ ಹಾದುಹೋಯಿತು. ನಾನಾಗ ತೊಟ್ಟಿಲ ಕೂಸು. ಆ ಸೀಮೆಯ ಹಿರಿಯರನ್ನು ಕೇಳಿ ನೋಡಿದ್ದೇನೆ. ಹೆಚ್ಚಿನವರಿಗೆ ನೆನಪಿರುವುದು ಮುಚ್ಚಿದ ಕಿಟಕಿ ಮಾತ್ರ. 2019ರಲ್ಲಿ ಕೊಡಗಿನ ಕುಟ್ಟದಲ್ಲಿ ಕಂಕಣವೇ ಕಾಣಿಸಿತು. ಅದೇ ಬೆಳಿಗ್ಗೆ ಕಲಬುರಗಿಯ ಹತ್ತಿರದ ತಾಜಸುಲ್ತಾನಪುರದಲ್ಲಿ, ವಾಸಿಯಾದೀತೆಂಬ ಆಸೆಯಿಂದ, ಅಂಗವಿಕಲ ಮಕ್ಕಳನ್ನು ಕತ್ತಿನವರೆಗೆ ಮಣ್ಣಿನಲ್ಲಿ ಹೂಳಿದ್ದರು. ಆ ತಾಯಂದಿರನ್ನು ನಾನು ಬಯ್ಯಲಾರೆ. ಅವರಿಗೆ ತಿಳಿಯಹೇಳಬೇಕಾಗಿದ್ದವರು ನಾವು. ನಾವು ಮಾಡಿದ್ದೇನು? ನಾನು ಬಲ್ಲ ಒಂದು ಕಾಲೇಜಿನಲ್ಲಿ ವಿಜ್ಞಾನ ಪದವೀಧರರೇ ಮುಂದೆ ನಿಂತು ಗೇಟಿಗೆ ಬೀಗ ಹಾಕಿಸಿದರು. ಹೆಸರು ಬೇಡ; ವಾಚಕರಿಗೆ ತಮ್ಮ ಊರಿನದೇ ಒಂದು ಹೆಸರು ಹೊಳೆದೀತು.

ದುಡ್ಡಿದ್ದವರು ಟಿಕೇಟು ಕೊಂಡು ನೆರಳಿನ ಹಿಂದೆ ಹೋಗುತ್ತೇವೆ. ಟಿಕೇಟು ಕೊಳ್ಳಲಾರದವರ ಮಕ್ಕಳ ಬಾಗಿಲಿಗೆ ಗ್ರಹಣ ತಾನಾಗಿ ಬಂದಾಗ ನಾವು ಚಿಲಕ ಹಾಕುತ್ತೇವೆ. ಕಡಲಾಚೆ ಹೋಗುವುದು ದುಂದಲ್ಲ, ಇದು ದುಂದು. ಸ್ನಾನ ಜಪ ಮಾಡುವವರು ಮಾಡಲಿ, ಉಪ್ಪಿನಕಾಯಿ ಭರಣಿಯ ಮೇಲೆ ದರ್ಭೆ ಇಡುವವರು ಇಡಲಿ. ಅದಕ್ಕೆ ನನ್ನ ಅಡ್ಡಿಯಿಲ್ಲ. ಬರಿಗಣ್ಣಿನಿಂದ ಸೂರ್ಯನನ್ನು ದಿಟ್ಟಿಸಬಾರದೆಂಬ ಎಚ್ಚರವೂ ನ್ಯಾಯವೆ. ಸೂರ್ಯ ಪೂರ್ತಿ ಮರೆಯಾದ ಆ ಕೆಲವು ನಿಮಿಷಗಳನ್ನು ಬಿಟ್ಟರೆ ಬರಿಗಣ್ಣು ಎಂದಿಗೂ ಸಲ್ಲದು. ಅದಕ್ಕೆ ತಕ್ಕ ಕನ್ನಡಕವಿದೆ. ಅದೂ ಇಲ್ಲವೆ, ರಟ್ಟಿನಲ್ಲಿ ಸೂಜಿಯಷ್ಟು ತೂತು ಮಾಡಿ ಬಿಂಬವನ್ನು ನೆಲದ ಮೇಲೆ ಬೀಳಿಸಿದರೆ ಒಂದು ತರಗತಿಯೇ ನೋಡಬಹುದು. ಖರ್ಚು ಒಂದು ಸೂಜಿ.

2031ರ ಮೇ 21ರಂದು ಕಂಕಣಗ್ರಹಣದ ದಾರಿ ಕೇರಳ, ತಮಿಳುನಾಡುಗಳ ಮೇಲೆ ಹಾಯುತ್ತದೆ. ನಮ್ಮಲ್ಲಿ ಸೂರ್ಯನ ಬಹುಪಾಲು ಮರೆಯಾಗುತ್ತದೆ. ಅದು ಬೇಸಿಗೆ ರಜೆಯ ಕಾಲ. ಪಾಠ ಕೆಟ್ಟಿತೆಂಬ ನೆಪಕ್ಕೂ ಎಡೆಯಿಲ್ಲ. ಅಂದು ಪ್ರತಿ ಊರಿನ ಶಾಲೆಯ ಅಂಗಳದಲ್ಲಿ ಒಬ್ಬ ಮೇಷ್ಟ್ರು ನಿಂತಿರಲಿ, ಕೈಯಲ್ಲಿ ಒಂದು ರಟ್ಟಿರಲಿ. ಅವರು ವಿಜ್ಞಾನದವರೇ ಆಗಬೇಕೆಂದೇನೂ ಇಲ್ಲ. ಗೇಟು ಮಾತ್ರ ತೆರೆದಿರಲಿ.