ಗಿಡಕ್ಕೆ ಚಳಿಯಾಗುತ್ತೆ ಅಂತ...

ಬಾಸ್ಟನ್ನಿಗೆ ಬಂದ ಮೊದಲ ವರ್ಷ ಒಂದು ಜ್ಯೂನಿಪರ್ ಬೋನ್ಸಾಯ್ ಕೊಂಡಿದ್ದೆ. ಅಂಗಡಿಯವನು ‘ಮನೆಯೊಳಗಿಡೋ ಗಿಡ’ ಅಂತಲೇ ಮಾರಿದ್ದ. ನವೆಂಬರಿನಲ್ಲಿ ಚಳಿ ಜೋರಾಯ್ತು. ಮೈಸೂರಲ್ಲಿ ಬೆಳೆದ ನನಗೆ ಚಳಿ ಅಂದ್ರೆ ಸ್ವೆಟರ್ರು, ಮಂಕಿಕ್ಯಾಪು ಅಷ್ಟೇ. ಪಾಪ ಅಂತ ಗಿಡವನ್ನ ಹೀಟರ್ ಪಕ್ಕದ ಕಿಟಕಿಯಲ್ಲಿಟ್ಟೆ. ಜನವರಿಯವರೆಗೂ ಹಸಿರಾಗೇ ಇತ್ತು. ಫೆಬ್ರವರಿಯಲ್ಲಿ ಮುಟ್ಟಿದ್ರೆ ಎಲೆಯೆಲ್ಲ ಪುಡಿಪುಡಿ! ಜ್ಯೂನಿಪರ್ ಸತ್ತು ವಾರಗಳಾದ್ರೂ ಹಸಿರಾಗೇ ಕಾಣುತ್ತಂತೆ. ಅಷ್ಟು ದಿನ ನಾನು ಹೆಣಕ್ಕೆ ನೀರು ಹಾಕ್ತಿದ್ದೆ.

ಅವತ್ತಿಂದ ನನ್ನದು ಒಂದೇ ವಾದ. ಜ್ಯೂನಿಪರನ್ನ ಒಳಾಂಗಣದ ಗಿಡ ಅಂತ ಮಾರೋದು ಶುದ್ಧ ಮೋಸ. ಜ್ಯೂನಿಪರ್, ಪೈನ್, ಮೇಪಲ್ ಎಲ್ಲ ಶೀತ ದೇಶದ ಮರಗಳು. ಚಳಿಗಾಲದ ನಿದ್ದೆ ಅವುಗಳ ಹಕ್ಕು. ಅದನ್ನ ಕಿತ್ಕೊಂಡ್ರೆ ಸೊರಗಿ ಸಾಯ್ತವೆ. ಕುಂಡದಲ್ಲಿದ್ದ ಮಾತ್ರಕ್ಕೆ ಮರದ ಸ್ವಭಾವ ಬದಲಾಗಲ್ಲ.

ಹಾಗಂತ ಹಿಮದಲ್ಲಿ ಬಿಟ್ಟು ಮರೆಯೋ ಹಾಗೂ ಇಲ್ಲ. ಕೊಂಬೆಗಿಂತ ಬೇರು ಸೂಕ್ಷ್ಮ. ನೆಲದಲ್ಲಿರೋ ಮರಕ್ಕೆ ಭೂಮಿಯೇ ಕಂಬಳಿ. ಅಂಗೈಯಗಲದ ಕುಂಡಕ್ಕೆ ಅದೆಲ್ಲಿ? ಜೊತೆಗೆ ಮಣ್ಣು ಹೆಪ್ಪುಗಟ್ಟಿದಾಗ ಬೇರು ನೀರು ಎಳೆಯಲ್ಲ, ಆದರೆ ಬಿಸಿಲು-ಗಾಳಿ ಎಲೆಯ ನೀರನ್ನ ಹೀರ್ತಾನೇ ಇರುತ್ತೆ. ಎಷ್ಟೋ ಗಿಡ ಚಳಿಗಲ್ಲ, ಬಾಯಾರಿಕೆಗೆ ಸಾಯ್ತವೆ.

ಹಿತ್ತಲಿದ್ರೆ ಕುಂಡವನ್ನ ಅಂಚಿನವರೆಗೂ ಮಣ್ಣಲ್ಲಿ ಹೂತು, ಮೇಲೆ ಒಣಗಿದೆಲೆ ಇಲ್ಲಾ ಮರದ ತೊಗಟೆ ಹೊದಿಸಿ. ಗಾಳಿಗೆ ಮರೆ ಮಾಡಿ. ಹಿತ್ತಲಿಲ್ವಾ? ಹೀಟರ್ ಇಲ್ಲದ ಗ್ಯಾರೇಜ್ ಸಾಕು. ಮಣ್ಣು ಪೂರ್ತಿ ಒಣಗೋಕೆ ಮಾತ್ರ ಬಿಡಬೇಡಿ.

ನಮ್ಮೂರಿನ ಆರ್ನಾಲ್ಡ್ ಆರ್ಬೊರೇಟಮ್‌ನಲ್ಲಿ 1913ರಲ್ಲಿ ಲಾರ್ಸ್ ಆಂಡರ್ಸನ್ ಜಪಾನಿನಿಂದ ತಂದ ಬೋನ್ಸಾಯ್‌ಗಳಿವೆ. ಅದರಲ್ಲಿ 1737ರಿಂದ ಕುಂಡದಲ್ಲೇ ಬೆಳೆದ ಹಿನೋಕಿ ಮರವೂ ಒಂದು! ಚಳಿಗಾಲದಲ್ಲಿ ಅವನ್ನೆಲ್ಲ ಇಡೋದು ಸೊನ್ನೆ ಡಿಗ್ರಿಗಿಂತ ಚೂರೇ ಚೂರು ಮೇಲಿರೋ ತಣ್ಣನೆ ಕಟ್ಟಡದಲ್ಲಿ. ಬೆಚ್ಚನೆ ಕೋಣೆಯಲ್ಲಲ್ಲ.

ಆಲ, ಅತ್ತಿ ಜಾತಿಯ ಫೈಕಸ್ ಬೋನ್ಸಾಯ್ ಇದ್ರೆ ಲೆಕ್ಕ ಉಲ್ಟಾ. ಅವು ನಮ್ಮ ಥರ, ಒಳಗೇ ಇರಬೇಕು. ಇನ್ನೊಂದು ಮಾತು: ತಿಂಗಳುಗಟ್ಟಲೆ ಬೆಚ್ಚಗಿಟ್ಟ ಜ್ಯೂನಿಪರನ್ನ ಇದನ್ನೋದಿ ಜನವರಿಯಲ್ಲಿ ಏಕ್‌ದಂ ಹಿಮಕ್ಕೆ ತಳ್ಳಬೇಡಿ. ಚಳಿಗೆ ಒಗ್ಗಿಕೊಳ್ಳೋಕೆ ಅದಕ್ಕೆ ಇಡೀ ಶರತ್ಕಾಲ ಬೇಕು.

ನನ್ನ ಎರಡನೇ ಜ್ಯೂನಿಪರ್ ಈಗ ಗ್ಯಾರೇಜಿನ ಮೂಲೆಯಲ್ಲಿ ಮಲಗಿದೆ. ವಿಡಿಯೋ ಕಾಲಲ್ಲಿ ನೋಡಿದ ಅಮ್ಮ, “ಅಯ್ಯೋ, ಪಾಪ ಕಣೋ, ಒಳಗೆ ತಂದಿಡೋ” ಅಂದ್ರು. ಬೇಡಮ್ಮ, ಒಂದ್ಸಲ ಪಾಪ ಅಂದಿದ್ದಕ್ಕೇ ಒಂದು ಹೋಯ್ತು...